ನ್ಯೂಜಿಲೆಂಡಿನಲ್ಲಿ ಕುಟುಂಬದೊಂದಿಗೆ ಬಾಡಿಗೆ ವಾಹನ: ಆರಿಸುವುದು, ಓಡಿಸುವುದು, ಮರಳಿಸುವುದು

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಮಕ್ಕಳು ಮತ್ತು ಹಿರಿಯರೊಂದಿಗೆ ಹೋಗುವವರಿಗೆ ತಾವೇ ಓಡಿಸುವ ಬಾಡಿಗೆ ವಾಹನದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಅಲ್ಲಿ ಪ್ರಯಾಣಿಕರ ರೈಲುಗಳು ಬೆರಳೆಣಿಕೆಯಷ್ಟು, ಪ್ರವಾಸಿ ಬಸ್ಸುಗಳು ತಮ್ಮ ಗಡಿಯಾರಕ್ಕೆ ತಕ್ಕಂತೆ ನಿಲ್ಲುತ್ತವೆ. ದಾರಿಯಲ್ಲಿ ಪುಕಾಕಿಯಂಥ ತಿಳಿನೀಲಿ ಸರೋವರವೊಂದು ಎದುರಾದಾಗ ಮಗು ಇನ್ನೂ ಅರ್ಧ ಗಂಟೆ ಇಲ್ಲೇ ಕಲ್ಲೆಸೆಯುತ್ತೇನೆ ಎಂದರೆ, ಆ ಅರ್ಧ ಗಂಟೆಯನ್ನು ಕೊಡುವ ಸ್ವಾತಂತ್ರ್ಯ ಸ್ವಂತ ವಾಹನದಲ್ಲಿ ಮಾತ್ರ ಇರುತ್ತದೆ. ನಮ್ಮಂತೆಯೇ ಅಲ್ಲಿಯೂ ರಸ್ತೆಯ ಎಡಬದಿಯಲ್ಲಿ ಸಂಚಾರ, ಸ್ಟಿಯರಿಂಗ್ ಬಲಗಡೆಗೆ, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸಿಗೂ ಮಾನ್ಯತೆ ಉಂಟು.

ಈ ಹೋಲಿಕೆಯೇ ಎಚ್ಚರ ತಪ್ಪಿಸುವ ಸಂಗತಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಬಲಬದಿಯಲ್ಲಿ ಓಡಿಸುವಾಗ ನಮ್ಮ ಮನಸ್ಸು ತಾನಾಗಿಯೇ ಜಾಗೃತವಾಗಿರುತ್ತದೆ. ನ್ಯೂಜಿಲೆಂಡಿನಲ್ಲಿ ಬದಿ ಒಂದೇ ಆದ್ದರಿಂದ ಹತ್ತು ನಿಮಿಷದಲ್ಲಿ ಕೈ ಪಳಗಿದಂತೆ ತೋರುತ್ತದೆ, ಹಾಗೆ ತೋರಿದ ಕೂಡಲೇ ನಮ್ಮೂರಿನ ಅಭ್ಯಾಸಗಳೂ ಹಿಂದೆಯೇ ಬಂದು ಕೂರುತ್ತವೆ. ಸಂದು ಸಿಕ್ಕಲ್ಲಿ ನುಗ್ಗುವುದು, ತಿರುವಿನಲ್ಲಿ ಹಾರ್ನ್ ಹೊಡೆದು ಓವರ್‌ಟೇಕ್ ಮಾಡುವುದು, ಜೀಬ್ರಾ ಪಟ್ಟಿಯ ಮೇಲೆ ಜನ ಇದ್ದರೂ ಮುಂದೆ ಸಾಗುವುದು ಇವೆಲ್ಲ ಗಂಟೆಗೆ 100 ಕಿ.ಮೀ. ವೇಗದ ರಸ್ತೆಯಲ್ಲಿ ಪ್ರಾಣಕ್ಕೇ ಎರವಾಗುತ್ತವೆ. ನಾವಿಬ್ಬರು, ಎರಡು ಮಕ್ಕಳು ಮತ್ತು ಎಪ್ಪತ್ತು ದಾಟಿದ ನಮ್ಮ ಅಮ್ಮ, ಹೀಗೆ ಐದು ಜನ ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ, ವಾನಕಾ, ಕ್ವೀನ್ಸ್‌ಟೌನ್, ಟೆ ಆನೌ ಹಾದಿಯಾಗಿ, ಬೆಟ್ಟಗಳ ನಡುವೆ ಕಡಲು ಒಳಚಾಚಿದ ಮಿಲ್‌ಫರ್ಡ್ ಸೌಂಡ್‌ವರೆಗೆ ಹೋಗಿ ಬಂದ ಅನುಭವದಿಂದ ಮುಂದಿನ ಕ್ರಮವನ್ನು ಬರೆದಿದ್ದೇನೆ.

ಹೊರಡುವ ಮುನ್ನ: ಕಾಗದಪತ್ರ ಮತ್ತು ಕಾರ್ಡು

ಇಂಗ್ಲಿಷಿನಲ್ಲಿರುವ, ಅವಧಿ ಮುಗಿಯದ ಭಾರತದ ಲೈಸೆನ್ಸ್ ಇದ್ದರೆ ಕಾನೂನಿನ ದೃಷ್ಟಿಯಿಂದ ಸಾಕು. ಆದರೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳುವುದು ನನ್ನ ಸಲಹೆ. ಕೆಲವು ಬಾಡಿಗೆ ಸಂಸ್ಥೆಗಳು ತಮ್ಮ ಷರತ್ತಿನಲ್ಲಿ ಅದನ್ನು ಕೇಳುತ್ತವೆ, ಹಳೆಯ ಲೈಸೆನ್ಸ್ ಕಾರ್ಡಿನ ಅಕ್ಷರ ಮಾಸಿದ್ದರೂ ಅದು ನೆರವಿಗೆ ಬರುತ್ತದೆ. ಪರಿವಾಹನ್ ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳೊಂದಿಗೆ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯ ಮೂಲಕ ಅದನ್ನು ಪಡೆಯಬಹುದು. ಶುಲ್ಕ 1000 ರೂಪಾಯಿ, ಮಾನ್ಯತೆ ಹೆಚ್ಚೆಂದರೆ ಒಂದು ವರ್ಷ. ಅದು ಮೂಲ ಲೈಸೆನ್ಸಿನ ಜೊತೆಗಿದ್ದರೆ ಮಾತ್ರ ಬೆಲೆಯುಳ್ಳದ್ದು, ಆದ್ದರಿಂದ ಮೂಲ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಫೋನಿನಲ್ಲಿರುವ ಡಿಜಿಲಾಕರ್ ಪ್ರತಿಯನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಎರಡನೆಯದಾಗಿ ಕ್ರೆಡಿಟ್ ಕಾರ್ಡನ್ನು ಸಿದ್ಧಮಾಡಿಕೊಳ್ಳಿ. ಬಹುತೇಕ ಸಂಸ್ಥೆಗಳು ವಾಹನ ಕೊಡುವಾಗ ಭದ್ರತೆಗೆಂದು ಕಾರ್ಡಿನಲ್ಲಿ ಒಂದು ಮೊತ್ತವನ್ನು ಹಿಡಿದಿಡುತ್ತವೆ, ಆ ಕಾರ್ಡು ಮುಖ್ಯ ಚಾಲಕರ ಹೆಸರಿನಲ್ಲಿಯೇ ಇರಬೇಕು ಎನ್ನುತ್ತವೆ. ಬುಕ್ಕಿಂಗ್ ಗಂಡನ ಹೆಸರಿನಲ್ಲಿ, ಕಾರ್ಡು ಹೆಂಡತಿಯ ಹೆಸರಿನಲ್ಲಿ ಇದ್ದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮಕ್ಕಳೊಂದಿಗೆ ಸಿಕ್ಕಿಹಾಕಿಕೊಳ್ಳುವುದು ಬೇಡ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಿ, ಹಿಡಿದಿಟ್ಟ ಮೊತ್ತ ಹೋದ ಮೇಲೂ ಊಟ, ವಸತಿಗೆ ಮಿತಿ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ.

ಓಡಿಸುವವರು ಇಬ್ಬರಿದ್ದರೆ ಇಬ್ಬರ ಹೆಸರನ್ನೂ ಕರಾರಿನಲ್ಲಿ ಬರೆಸಬೇಕು. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಅನ್ವಯಿಸುವುದಿಲ್ಲ.

ಕಾರೋ, ವ್ಯಾನೋ, ಕ್ಯಾಂಪರ್‌ವ್ಯಾನೋ

ಜನರ ಸಂಖ್ಯೆಯನ್ನು ಮಾತ್ರ ಎಣಿಸಿ ವಾಹನ ಆರಿಸುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು. ಎಣಿಸಬೇಕಾದದ್ದು ಸೂಟ್‌ಕೇಸುಗಳನ್ನು. ಐದು ಸೀಟಿನ ಕೊರೊಲಾದಂಥ ಕಾರಿನಲ್ಲಿ ಐದು ಜನ ಕೂರಬಹುದು, ಆದರೆ ಐದು ಜನರ ಸಾಮಾನು ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಏಳು ಸೀಟಿನ ಎಸ್‌ಯುವಿಯಲ್ಲಿ ಮೂರನೆಯ ಸಾಲನ್ನು ಎತ್ತಿ ನಿಲ್ಲಿಸಿದರೆ ಅದರ ಹಿಂದೆ ಉಳಿಯುವುದು ಎರಡು ಕೈಚೀಲದಷ್ಟು ಜಾಗ. ಹಾಗಾಗಿ ಐದು ಜನರಿಗೆ ಏಳು ಸೀಟಿನ ವಾಹನ ಪಡೆದು ಮೂರನೆಯ ಸಾಲನ್ನು ಮಡಚಿಡುವುದು, ಏಳು ಜನರಿಗೆ ಎಂಟರಿಂದ ಹನ್ನೆರಡು ಸೀಟಿನ ವ್ಯಾನ್ ಪಡೆಯುವುದು ಸರಿಯಾದ ಲೆಕ್ಕ. ಸಾಮಾನನ್ನು ಸೀಟಿನ ಮೇಲೆ, ಹಿಂದಿನ ಗಾಜಿಗೆ ಅಡ್ಡವಾಗಿ, ಮಕ್ಕಳ ಕಾಲಡಿ ತುರುಕಿಕೊಂಡು ಬೆಟ್ಟದ ರಸ್ತೆಯಲ್ಲಿ ಹೋಗುವುದು ಅಪಾಯಕಾರಿ. ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅವೆಲ್ಲ ಮುಂದಕ್ಕೆ ಬರುತ್ತವೆ. ಸಾಧ್ಯವಾದರೆ ಗಟ್ಟಿ ಕವಚದ ದೊಡ್ಡ ಸೂಟ್‌ಕೇಸುಗಳ ಬದಲು ಬಟ್ಟೆಯ ಡಫಲ್ ಬ್ಯಾಗುಗಳನ್ನು ಒಯ್ಯಿರಿ, ಅವು ಸಿಕ್ಕ ಸಂದಿಗೆ ಹೊಂದಿಕೊಳ್ಳುತ್ತವೆ.

ಹಿರಿಯರಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಾವು ಪಡೆದ ವ್ಯಾನಿನ ಮೆಟ್ಟಿಲು ನೆಲದಿಂದ ಒಂದೂವರೆ ಅಡಿಗಿಂತ ಮೇಲಿತ್ತು. ಮಂಡಿನೋವಿರುವ ಅಮ್ಮ ಮೊದಲ ದಿನ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆಯನ್ನು ಮಗಳ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ಹತ್ತಿದರು. ದಿನಕ್ಕೆ ಹತ್ತು ಸಲ ಹತ್ತಿಳಿಯುವ ಪ್ರವಾಸದಲ್ಲಿ ಇದು ಸಣ್ಣ ವಿಷಯವಲ್ಲ. ಮಾರನೆಯ ದಿನವೇ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಮಡಚುವ ಪ್ಲಾಸ್ಟಿಕ್ ಸ್ಟೂಲು ಕೊಂಡೆವು, ಇಡೀ ಪ್ರವಾಸದಲ್ಲಿ ನಾವು ಕೊಂಡ ಅತ್ಯಂತ ಉಪಯುಕ್ತ ವಸ್ತು ಅದು. ಬುಕ್ ಮಾಡುವಾಗಲೇ ವಾಹನದ ನೆಲ ಎಷ್ಟು ಎತ್ತರ, ಪಕ್ಕಕ್ಕೆ ಸರಿಯುವ ಬಾಗಿಲಿದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಕ್ಯಾಂಪರ್‌ವ್ಯಾನ್, ಅಂದರೆ ಒಳಗೇ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಇರುವ ವಾಹನ, ಸಸ್ಯಾಹಾರಿ ಕುಟುಂಬಗಳನ್ನು ಬಹಳ ಆಕರ್ಷಿಸುತ್ತದೆ. ಬೆಳಿಗ್ಗೆ ಸರೋವರದ ದಂಡೆಯಲ್ಲಿ ಉಪ್ಪಿಟ್ಟು ಮಾಡಿಕೊಂಡು ತಿನ್ನುವ ಸುಖವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆರು ಜನರ ಕ್ಯಾಂಪರ್‌ವ್ಯಾನ್ ಎಂದರೆ ಏಳು ಮೀಟರ್ ಉದ್ದದ, ಮೂರು ಮೀಟರಿಗೂ ಎತ್ತರದ ಒಂದು ಸಣ್ಣ ಲಾರಿ. ಅದು ಗಾಳಿಗೆ ಅಲುಗಾಡುತ್ತದೆ, ತಿರುವಿನಲ್ಲಿ ಒಳಗಿನ ಪಾತ್ರೆಗಳೆಲ್ಲ ಸರಿದಾಡುತ್ತವೆ, ನಕ್ಷೆಯಲ್ಲಿ ಮೂರು ಗಂಟೆ ಎಂದು ತೋರಿಸುವ ದಾರಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಊರಿನಲ್ಲಿ ಯಾವತ್ತೂ ಸಣ್ಣ ಕಾರನ್ನಷ್ಟೇ ಓಡಿಸಿದವರು ವಿದೇಶದ ಬೆಟ್ಟದ ರಸ್ತೆಯಲ್ಲಿ ಮೊದಲ ಸಲ ಇಂಥದ್ದನ್ನು ಹಿಡಿಯುವುದನ್ನು ನಾನು ಬೇಡವೆನ್ನುತ್ತೇನೆ. ಅಡುಗೆಮನೆಯಿರುವ ಮೋಟೆಲ್ ಕೋಣೆಗಳು ಮತ್ತು ಹಾಲಿಡೇ ಪಾರ್ಕಿನ ಕ್ಯಾಬಿನ್‌ಗಳು ಎಲ್ಲ ಊರಿನಲ್ಲೂ ಸಿಗುತ್ತವೆ, ಕಾರಿನಲ್ಲಿ ಹೋಗಿ ಅಲ್ಲಿ ತಂಗಿದರೂ ಅನ್ನ, ಸಾರು ಮಾಡಿಕೊಳ್ಳಬಹುದು.

ಹಾಗಿದ್ದೂ ಕ್ಯಾಂಪರ್‌ವ್ಯಾನನ್ನೇ ಆರಿಸುವಿರಾದರೆ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಮಲಗುವ ಜಾಗ ಆರು ಎಂದಿದ್ದರೂ ಮಕ್ಕಳ ಸೀಟನ್ನು ಬಿಗಿಯುವ ಕೊಕ್ಕೆ ಎಲ್ಲ ಆಸನಗಳಲ್ಲೂ ಇರುವುದಿಲ್ಲ. ರಸ್ತೆಬದಿಯ ಸಾರ್ವಜನಿಕ ಜಾಗದಲ್ಲಿ ರಾತ್ರಿ ತಂಗಲು ಬಹುತೇಕ ಕಡೆ ಆ ವಾಹನಕ್ಕೆ ಸ್ವಯಂಪೂರ್ಣ ಎಂಬ ಪ್ರಮಾಣಪತ್ರ ಇರಬೇಕು, 2023ರ ಕಾನೂನಿನ ಪ್ರಕಾರ ಅದಕ್ಕೆ ಒಳಗೆ ಶಾಶ್ವತವಾಗಿ ಅಳವಡಿಸಿದ ಶೌಚಾಲಯ ಅಗತ್ಯ, ನಿಯಮ ಮೀರಿದರೆ ನೂರಾರು ನ್ಯೂಜಿಲೆಂಡ್ ಡಾಲರ್ ದಂಡ ಬೀಳುತ್ತದೆ. ಮೂರನೆಯದು ಡೀಸೆಲ್ ಲೆಕ್ಕ. ಅಲ್ಲಿ ಬಂಕಿನಲ್ಲಿ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕಡಿಮೆ ಕಾಣುತ್ತದೆ, ಯಾಕೆಂದರೆ ಡೀಸೆಲ್ ವಾಹನಗಳ ರಸ್ತೆ ತೆರಿಗೆಯನ್ನು ಓಡಿದ ಕಿಲೋಮೀಟರಿಗೆ ತಕ್ಕಂತೆ ಬೇರೆಯಾಗಿ ವಸೂಲು ಮಾಡುತ್ತಾರೆ. ಬಾಡಿಗೆ ಸಂಸ್ಥೆ ಅದನ್ನು ಕೊನೆಯಲ್ಲಿ ಬಿಲ್ಲಿಗೆ ಸೇರಿಸುತ್ತದೆ.

ಮನೆಯಿಂದ ಚಟ್ನಿಪುಡಿ, ತುಪ್ಪ, ಬೇಳೆಕಾಳು ಒಯ್ಯುವವರು ವಿಮಾನದಿಂದ ಇಳಿಯುವ ಮುನ್ನ ತುಂಬುವ ಘೋಷಣೆಯಲ್ಲಿ ಆಹಾರ ಇದೆ ಎಂದು ತಪ್ಪದೆ ತಿಳಿಸಬೇಕು. ಘೋಷಿಸಿದರೆ ಅಧಿಕಾರಿಗಳು ನೋಡಿ, ಕೆಲವನ್ನು ಬಿಟ್ಟು ಕೆಲವನ್ನು ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟು ಸಿಕ್ಕಿದರೆ ಸ್ಥಳದಲ್ಲೇ 400 ಡಾಲರ್ ದಂಡ. ಮಣ್ಣು ಮೆತ್ತಿದ ಶೂಗಳನ್ನು ತೊಳೆದು ಒಯ್ಯಿರಿ.

ಮಕ್ಕಳ ಸೀಟಿನ ವಿಷಯದಲ್ಲಿ ರಾಜಿಯೇ ಬೇಡ. ಏಳು ವರ್ಷ ತುಂಬುವವರೆಗೆ ಮಾನ್ಯತೆ ಪಡೆದ ಮಕ್ಕಳ ಸೀಟು ಕಡ್ಡಾಯ, ಏಳು ತುಂಬಿ ಎಂಟು ಆಗುವವರೆಗೆ ವಾಹನದಲ್ಲಿ ಅದು ಇದ್ದರೆ ಬಳಸಲೇಬೇಕು, 148 ಸೆಂ.ಮೀ. ಎತ್ತರ ಆಗುವವರೆಗೂ ಬೂಸ್ಟರ್ ಸೀಟಿನಲ್ಲಿ ಕೂರಿಸುವಂತೆ ಅಲ್ಲಿನ ಸಾರಿಗೆ ಇಲಾಖೆ ಸಲಹೆ ಕೊಡುತ್ತದೆ. ನಮ್ಮಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಪ್ರೀತಿಯ ರೂಢಿ, ಅಲ್ಲಿ ಅದು ಅಪರಾಧ. ಇಲ್ಲಿಂದ ಸೀಟು ಒಯ್ದರೆ ಅಲ್ಲಿ ಒಪ್ಪಿತವಾದ ಮಾನದಂಡದ ಗುರುತು ಅದರ ಮೇಲೆ ಇರಬೇಕು, ಆದ್ದರಿಂದ ಬಾಡಿಗೆ ಸಂಸ್ಥೆಯಿಂದಲೇ ಪಡೆಯುವುದು ನಿರಾತಂಕ. ಮಗುವಿನ ವಯಸ್ಸು, ತೂಕ, ಎತ್ತರ ಮೂರನ್ನೂ ಬುಕ್ ಮಾಡುವಾಗ ತಿಳಿಸಿ.

ವಿಮೆಯ ಕಾಗದವನ್ನು ಓದುವ ಬಗೆ

ನಮ್ಮ ದೇಶದಲ್ಲಿರುವಂತೆ ಅಲ್ಲಿ ಥರ್ಡ್ ಪಾರ್ಟಿ ವಾಹನ ವಿಮೆ ಕಡ್ಡಾಯವಲ್ಲ. ಬಾಡಿಗೆ ವಾಹನಕ್ಕೆ ಸಾಮಾನ್ಯವಾಗಿ ಮೂಲ ವಿಮೆ ಸೇರಿರುತ್ತದೆ, ಆದರೆ ಹಾನಿಯಾದಾಗ ಮೊದಲ ಇಷ್ಟು ಸಾವಿರ ಡಾಲರನ್ನು ನಾವೇ ಭರಿಸಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ಇದನ್ನು ಎಕ್ಸೆಸ್ ಎನ್ನುತ್ತಾರೆ. ತಪ್ಪು ನಮ್ಮದಲ್ಲದಿದ್ದರೂ ಎದುರು ಪಕ್ಷದಿಂದ ವಸೂಲಾಗುವವರೆಗೆ ಆ ಮೊತ್ತ ನಮ್ಮ ಕಾರ್ಡಿನಿಂದಲೇ ಹೋಗಬಹುದು. ದಿನಕ್ಕೆ ಇಂತಿಷ್ಟು ಹೆಚ್ಚು ಕೊಟ್ಟರೆ ಸಂಸ್ಥೆಯೇ ಈ ಹೊಣೆಯನ್ನು ಕಡಿಮೆ ಮಾಡುತ್ತದೆ ಅಥವಾ ಸೊನ್ನೆಗೆ ಇಳಿಸುತ್ತದೆ. ಹೊರಗಿನ ವಿಮಾ ಕಂಪನಿಯಿಂದ ಎಕ್ಸೆಸ್ ಮೊತ್ತಕ್ಕಷ್ಟೇ ಪಾಲಿಸಿ ಕೊಳ್ಳುವುದು ಅಗ್ಗ, ಆದರೆ ಅದರಲ್ಲಿ ಮೊದಲು ನಾವು ಹಣ ಕಟ್ಟಿ ಆಮೇಲೆ ಅರ್ಜಿ ಹಾಕಿ ಹಿಂಪಡೆಯಬೇಕು, ಕಾರ್ಡಿನಲ್ಲಿ ಹಿಡಿದಿಡುವ ಭದ್ರತಾ ಮೊತ್ತವೂ ದೊಡ್ಡದಿರುತ್ತದೆ. ಮೊದಲ ಸಲ ಹೋಗುವ ಕುಟುಂಬ ಸಂಸ್ಥೆಯಿಂದಲೇ ಪೂರ್ಣ ರಕ್ಷಣೆ ಪಡೆಯಲಿ ಎಂಬುದು ನನ್ನ ಅಭಿಪ್ರಾಯ.

ಆ ಪೂರ್ಣ ಎಂಬ ಮಾತಿನೊಳಗೂ ಹೊರತಾದವು ಇರುತ್ತವೆ. ಟೈರು, ಮುಂದಿನ ಗಾಜು, ವಾಹನದ ತಳಭಾಗ, ಮೇಲ್ಛಾವಣಿ, ತಪ್ಪು ಇಂಧನ, ನೀರಿನಲ್ಲಿ ಮುಳುಗುವುದು, ಬೀಗದ ಕೈ ಕಳೆಯುವುದು, ಕ್ಯಾಂಪರ್‌ವ್ಯಾನ್ ತಾನಾಗಿ ಮಗುಚುವುದು, ಇವುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಒಂದೊಂದಾಗಿ ಗುರುತು ಹಾಕಿಕೊಂಡು ಓದಬೇಕು. ಸರೋವರವೊಂದರ ಕಡೆಗಿನ ಜಲ್ಲಿರಸ್ತೆಯಲ್ಲಿ ಎದುರು ಬಂದ ವಾಹನದ ಚಕ್ರದಿಂದ ಹಾರಿದ ಕಡಲೆಕಾಳಿನಷ್ಟು ಕಲ್ಲೊಂದು ನಮ್ಮ ಗಾಜಿಗೆ ಟಪ್ಪೆಂದು ಬಡಿಯಿತು. ನಕ್ಷತ್ರದಂತಹ ಒಂದು ಚಿಕ್ಕ ಗುರುತು, ಮಕ್ಕಳಿಗೆ ಕಾಣಲೂ ಇಲ್ಲ. ರಾತ್ರಿಯ ಚಳಿಗೆ ಅದು ಗೇಣುದ್ದದ ಬಿರುಕಾಯಿತು, ನಾವು ಆರಿಸಿದ ಪಾಲಿಸಿಯಲ್ಲಿ ಗಾಜು ಸೇರಿರಲಿಲ್ಲ, ಇಡೀ ಗಾಜಿನ ಬೆಲೆಯನ್ನು ಕಟ್ಟಬೇಕಾಯಿತು. ಗಾಜು ಮತ್ತು ಟೈರಿನ ರಕ್ಷಣೆಗೆ ದಿನಕ್ಕೆ ಕೊಡಬೇಕಿದ್ದ ಹಣ ಅದರ ಮುಂದೆ ಏನೂ ಆಗಿರಲಿಲ್ಲ. ಗುರುತು ಚಿಕ್ಕದಿರುವಾಗಲೇ ಸಂಸ್ಥೆಗೆ ಫೋನ್ ಮಾಡಿದ್ದರೆ ರಾಳ ತುಂಬಿ ಸರಿಪಡಿಸುವ ಅವಕಾಶವಾದರೂ ಇರುತ್ತಿತ್ತು.

ಹಾಗೆಯೇ ಕೆಲವು ರಸ್ತೆಗಳಿಗೆ ಬಾಡಿಗೆ ವಾಹನ ಒಯ್ದರೆ ವಿಮೆಯೇ ರದ್ದಾಗುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ಕಣಿವೆಯ ರಸ್ತೆ, ಉತ್ತರ ದ್ವೀಪದ ನೈಂಟಿ ಮೈಲ್ ಬೀಚ್ ಇವುಗಳಲ್ಲಿ ಪ್ರಸಿದ್ಧವಾದವು. ಎರಡು ದ್ವೀಪಗಳನ್ನೂ ನೋಡುವವರು ವೆಲಿಂಗ್ಟನ್ ಮತ್ತು ಪಿಕ್ಟನ್ ನಡುವಿನ ಹಡಗಿನಲ್ಲಿ ವಾಹನವನ್ನು ಒಯ್ಯಲು ಅನುಮತಿ ಇದೆಯೇ ಎಂದೂ ಕೇಳಬೇಕು. ಕೆಲವು ಸಂಸ್ಥೆಗಳು ಒಂದು ದಡದಲ್ಲಿ ಕಾರು ಬಿಟ್ಟು ಇನ್ನೊಂದು ದಡದಲ್ಲಿ ಬೇರೆ ಕಾರು ಪಡೆಯಿರಿ ಎನ್ನುತ್ತವೆ.

ಅಪಘಾತದಲ್ಲಿ ಗಾಯಗೊಂಡ ಪ್ರವಾಸಿಗರಿಗೂ ಅಲ್ಲಿನ ಸರ್ಕಾರದ ಎಸಿಸಿ ಯೋಜನೆ ಚಿಕಿತ್ಸಾ ವೆಚ್ಚಕ್ಕೆ ನೆರವಾಗುತ್ತದೆ. ಕಾಯಿಲೆ, ಪ್ರವಾಸ ರದ್ದತಿ, ಊರಿಗೆ ಮರಳುವ ವೆಚ್ಚ ಅದರಲ್ಲಿ ಇಲ್ಲವಾದ್ದರಿಂದ ಪ್ರವಾಸ ವಿಮೆಯನ್ನು ಬೇರೆಯಾಗಿ ಮಾಡಿಸಲೇಬೇಕು.

ಇಳಿದ ದಿನ ಸ್ಟಿಯರಿಂಗ್ ಹಿಡಿಯಬೇಡಿ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಸಿಂಗಪುರದಂಥ ಕಡೆ ಬದಲಿಸಿ ಹೋಗುವಾಗ ಒಂದು ರಾತ್ರಿಯ ನಿದ್ದೆ ಹಾಳಾಗುತ್ತದೆ. ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದವರ ಮೈಗೆ ಅದು ನಡುರಾತ್ರಿ ಎರಡೂವರೆ. ಹೊರಗೆ ಬಿಸಿಲು ಬೆಳಗುತ್ತಿರುವುದರಿಂದ ದಣಿವು ತಿಳಿಯುವುದಿಲ್ಲ, ಒಂದು ಗಂಟೆಯ ನಂತರ ಕ್ಯಾಂಟರ್ಬರಿ ಬಯಲಿನ ನೇರ ರಸ್ತೆಯಲ್ಲಿ ಕಣ್ಣು ಎಳೆಯಲಾರಂಭಿಸುತ್ತದೆ. ಆದ್ದರಿಂದ ಮೊದಲ ರಾತ್ರಿ ಇಳಿದ ಊರಿನಲ್ಲೇ ತಂಗಿ, ವಾಹನವನ್ನು ಮರುದಿನ ಬೆಳಿಗ್ಗೆ ಪಡೆಯಿರಿ. ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

ವಾಹನ ಕೈಗೆ ಬಂದಾಗ ಇಪ್ಪತ್ತು ನಿಮಿಷ ಅದರ ಸುತ್ತ ಕಳೆಯಲು ಹಿಂಜರಿಯಬೇಡಿ. ನಾಲ್ಕೂ ಬದಿ, ನಾಲ್ಕೂ ಚಕ್ರ, ಗಾಜು, ಬಂಪರಿನ ಕೆಳ ಅಂಚು, ಛಾವಣಿ, ಒಳಗಿನ ಸೀಟು, ಇಂಧನದ ಮುಳ್ಳು, ಓಡಿದ ಕಿಲೋಮೀಟರ್ ಇವೆಲ್ಲವನ್ನೂ ವಿಡಿಯೊ ಮಾಡಿ. ಗೀಚು ಕಂಡರೆ ಸಿಬ್ಬಂದಿಯಿಂದ ಕಾಗದದಲ್ಲಿ ಬರೆಸಿ. ಸ್ಟೆಪ್ನಿ ಇದೆಯೋ, ಗಾಳಿ ತುಂಬುವ ಕಿಟ್ ಮಾತ್ರ ಇದೆಯೋ ಕೇಳಿ. ಬಹುತೇಕ ಬಾಡಿಗೆ ಕಾರುಗಳು ಆಟೊಮ್ಯಾಟಿಕ್, ಗೇರಿನ ಕಾರಿಗೆ ಒಗ್ಗಿದವರ ಎಡಗಾಲು ಕ್ಲಚ್ ಹುಡುಕುತ್ತಾ ಬ್ರೇಕನ್ನು ಜಗ್ಗಿ ಒತ್ತುವುದುಂಟು, ಹಾಗಾಗಿ ಎಡಗಾಲನ್ನು ಸೀಟಿನ ಕಡೆಗೆ ಹಿಂದಕ್ಕೆ ಎಳೆದಿಟ್ಟುಕೊಂಡು ಪಾರ್ಕಿಂಗ್ ಜಾಗದಲ್ಲೇ ನಾಲ್ಕು ಸುತ್ತು ಓಡಿಸಿ. ಇಂಡಿಕೇಟರ್ ಕಡ್ಡಿ ನಿಮ್ಮ ಕಾರಿನಲ್ಲಿ ಇರುವ ಬದಿಯಲ್ಲಿಯೇ ಇರುತ್ತದೆಂಬ ಭರವಸೆ ಇಲ್ಲ, ಅದನ್ನೂ ನೋಡಿಕೊಳ್ಳಿ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಪಶ್ಚಿಮ ಕರಾವಳಿಯ ಹಾಸ್ಟ್ ಕಡೆಗಾಗಲಿ ಮಿಲ್‌ಫರ್ಡ್ ರಸ್ತೆಯಲ್ಲಾಗಲಿ ಉದ್ದಕ್ಕೂ ನೆಟ್‌ವರ್ಕ್ ಸಿಗುವುದಿಲ್ಲ. ಓಡಿಸುತ್ತಾ ಫೋನನ್ನು ಕೈಯಲ್ಲಿ ಹಿಡಿದರೆ ದಂಡ 150 ಡಾಲರ್.

ರಸ್ತೆಗೆ ಇಳಿದ ಮೇಲೆ

ಊರೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ., ಹೊರಗೆ ಹೆದ್ದಾರಿಯಲ್ಲಿ 100 ಕಿ.ಮೀ. ಮಿತಿ. ಈ ನೂರು ಎಂಬುದು ನಮ್ಮ ನಾಲ್ಕು ಪಥದ ಹೆದ್ದಾರಿಯ ನೂರಲ್ಲ. ದಕ್ಷಿಣ ದ್ವೀಪದ ಬಹುಪಾಲು ರಾಜ್ಯ ಹೆದ್ದಾರಿಗಳು ಬರೇ ಎರಡು ಲೇನಿನವು, ನಡುವೆ ವಿಭಜಕವಿಲ್ಲ, ಎದುರಿನ ವಾಹನವೂ ಅದೇ ವೇಗದಲ್ಲಿ ಒಂದೆರಡು ಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಲವತ್ತರಲ್ಲಿ ಹೋಗಿ ರೂಢಿಯಿರುವ ನಮಗೆ, ಅಂಥದ್ದೇ ತಿರುವಿನಲ್ಲಿ ನೂರರ ಫಲಕ ಕಂಡರೆ ಅದು ಆಜ್ಞೆಯಂತೆ ತೋರಬಹುದು. ಅದು ಮಿತಿ ಮಾತ್ರ. ತಿರುವಿಗೆ ಮುಂಚೆ ಹಳದಿ ಫಲಕದ ಮೇಲೆ 35, 45, 65 ಎಂದು ಬರೆದಿರುವ ಸಲಹೆಯ ವೇಗವನ್ನು ಅಕ್ಷರಶಃ ಪಾಲಿಸಿ, ಸ್ಥಳೀಯರೂ ಅದನ್ನೇ ನಂಬುತ್ತಾರೆ.

ನಿಮ್ಮ ಬದಿಯಲ್ಲಿ ಅಖಂಡ ಹಳದಿ ಗೆರೆ ಇರುವಷ್ಟು ದೂರ ಓವರ್‌ಟೇಕ್ ನಿಷಿದ್ಧ. ಕೆಲವು ಕಿಲೋಮೀಟರಿಗೊಮ್ಮೆ ಹಿಂದಿಕ್ಕಲೆಂದೇ ಹೆಚ್ಚುವರಿ ಲೇನ್ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ. ನೀವೇ ನಿಧಾನವಾಗಿದ್ದು ಹಿಂದೆ ಮೂರು ನಾಲ್ಕು ವಾಹನ ಸಾಲುಗಟ್ಟಿದರೆ, ಎಡಕ್ಕೆ ಸುರಕ್ಷಿತ ಜಾಗ ಕಂಡಲ್ಲಿ ಇಂಡಿಕೇಟರ್ ಹಾಕಿ ಸರಿದು ನಿಂತು ಅವರನ್ನು ಮುಂದೆ ಬಿಡುವುದು ಅಲ್ಲಿನ ರಸ್ತೆಯ ಮರ್ಯಾದೆ. ಅವರು ಹಾರ್ನ್ ಹೊಡೆಯುವುದಿಲ್ಲ ಎಂಬ ಕಾರಣಕ್ಕೆ ಅವರಿಗೆ ಅವಸರವಿಲ್ಲವೆಂದು ತಿಳಿಯಬಾರದು. ಹಾರ್ನನ್ನು ನಾವು ಮಾತಿನಂತೆ ಬಳಸುತ್ತೇವೆ, ಅಲ್ಲಿ ಅದು ಕೇಳುವುದು ಅಪಾಯದ ಕೂಗಾಗಿ.

ವೃತ್ತಗಳಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಟ್ಟೇ ಒಳಹೋಗಬೇಕು, ಹೊರಬರುವ ಮುನ್ನ ಎಡ ಇಂಡಿಕೇಟರ್ ಹಾಕಬೇಕು. ಸ್ಟಾಪ್ ಫಲಕದಲ್ಲಿ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಕೆಂಪು ದೀಪವಿದ್ದಾಗ ಎಡಕ್ಕೆ ತಿರುಗುವ ಸಲಿಗೆ ಇಲ್ಲ. ಜೀಬ್ರಾ ಪಟ್ಟಿಯ ಬಳಿ ಪಾದಚಾರಿ ಕಾಲಿಡಲು ನಿಂತಿದ್ದರೂ ನಿಲ್ಲಿಸಿ, ಅವರು ನೀವು ನಿಲ್ಲುತ್ತೀರೆಂದು ನಂಬಿಯೇ ಹೆಜ್ಜೆ ಇಡುತ್ತಾರೆ. ಮಕ್ಕಳನ್ನು ಹತ್ತಿಸಲೋ ಇಳಿಸಲೋ ಶಾಲಾ ಬಸ್ಸು ನಿಂತಿದ್ದರೆ ಅದನ್ನು ದಾಟುವ ವೇಗ ಎರಡೂ ದಿಕ್ಕಿನಿಂದ 20 ಕಿ.ಮೀ. ಮೀರಬಾರದು.

ಒಂದೇ ಲೇನಿನ ಸೇತುವೆಗಳ ಬಗ್ಗೆ ನಿಧಾನವಾಗಿ ಹೇಳಬೇಕಾಗಿದೆ, ಯಾಕೆಂದರೆ ನಾವು ಹೆಚ್ಚು ತಪ್ಪುವುದು ಅಲ್ಲಿಯೇ. ಹೆದ್ದಾರಿಯಲ್ಲೇ ಇಂಥ ಸೇತುವೆಗಳು ಮೇಲಿಂದ ಮೇಲೆ ಬರುತ್ತವೆ. ನೀಲಿ ಚೌಕದ ಫಲಕದಲ್ಲಿ ಮೇಲ್ಮುಖವಾದ ದೊಡ್ಡ ಬಿಳಿ ಬಾಣವೂ ಕೆಳಮುಖವಾದ ಚಿಕ್ಕ ಕೆಂಪು ಬಾಣವೂ ಇದ್ದರೆ ಮೊದಲ ಹಕ್ಕು ನಿಮ್ಮದು. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನೀವು ಕಾಯಬೇಕು, ಸೇತುವೆ ಚಿಕ್ಕದಿರಲಿ ಉದ್ದವಿರಲಿ, ಎದುರಿನವರು ಬರುವುದು ಕಂಡರೆ ಗೆರೆಯ ಹಿಂದೆ ನಿಲ್ಲಬೇಕು. ನಮ್ಮ ಊರಿನ ಕಿರುಸೇತುವೆಯಲ್ಲಿ ಮೊದಲು ಮೂಗು ತೂರಿಸಿದವನದ್ದೇ ದಾರಿ, ಎದುರಿನವನು ಹಿಂದೆ ಸರಿಯುತ್ತಾನೆ. ಮೂರನೆಯ ದಿನ ನಾನು ಅದೇ ಲೆಕ್ಕದಲ್ಲಿ, ದೂರದಲ್ಲಿ ಲಾರಿ ಕಂಡರೂ ದಾಟಿಬಿಡಬಹುದು ಎಂದುಕೊಂಡು ಸೇತುವೆ ಹತ್ತಿದೆ. ತೊಂಬತ್ತರ ವೇಗದಲ್ಲಿ ಬರುವ, ಟ್ರೇಲರ್ ಎಳೆಯುವ ಹಾಲಿನ ಟ್ಯಾಂಕರ್ ದೂರವನ್ನು ಎಷ್ಟು ಬೇಗ ನುಂಗುತ್ತದೆಂಬುದು ನನಗೆ ತಿಳಿದದ್ದು ಅದರ ದೀಪಗಳು ಗಾಜಿನ ತುಂಬ ಬೆಳೆದಾಗ. ಆತ ಆಚೆ ತುದಿಯಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಿ ಕಾದ. ನಾನು ದಾಟಿ ಪಕ್ಕಕ್ಕೆ ಬಂದಾಗ ಬೈಯಲಿಲ್ಲ, ಸೇತುವೆಯ ಫಲಕದ ಕಡೆಗೆ ಬೆರಳು ತೋರಿಸಿ ಮುಂದೆ ಹೋದ. ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದ ಮಕ್ಕಳನ್ನು ಕನ್ನಡಿಯಲ್ಲಿ ನೋಡಿದಾಗ ನನ್ನ ಕೈ ನಡುಗುತ್ತಿತ್ತು. ಅಂದಿನಿಂದ ಪಕ್ಕದ ಸೀಟಿನವರು ಪ್ರತಿ ಸೇತುವೆಗೂ ನಮ್ಮದು, ಅವರದು ಎಂದು ಗಟ್ಟಿಯಾಗಿ ಹೇಳುವ ನಿಯಮ ಮಾಡಿಕೊಂಡೆವು. ಇದನ್ನು ನೀವೂ ಮಾಡಿಕೊಳ್ಳಿ.

ಜಲ್ಲಿರಸ್ತೆಯಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ, ಬ್ರೇಕನ್ನು ಒಮ್ಮೆಗೇ ಒತ್ತಬೇಡಿ, ಎದುರು ವಾಹನ ಬಂದಾಗ ಇನ್ನೂ ನಿಧಾನಿಸಿ ಎಡಕ್ಕೆ ಸರಿಯಿರಿ. ಕುರಿ, ದನಗಳ ಹಿಂಡು ರಸ್ತೆ ದಾಟುತ್ತಿದ್ದರೆ ಎಂಜಿನ್ ನಿಲ್ಲಿಸಿ ಕಾಯುವುದೇ ಸರಿ. ಟೆಕಾಪೊ ಸುತ್ತಮುತ್ತ ಗಾಳಿ ಜೋರು. ಮಗು ಬಾಗಿಲನ್ನು ಒಂದಿಂಚು ತೆರೆಯುವಷ್ಟರಲ್ಲಿ ಗಾಳಿ ಅದನ್ನು ಕಿತ್ತುಕೊಂಡಂತೆ ಪೂರ್ತಿ ಹಿಂದಕ್ಕೆ ಎಳೆದು ಕೀಲು ಬಾಗಿಸಬಲ್ಲದು, ಇಂಥ ಹಾನಿಯನ್ನೂ ಕೆಲವು ವಿಮೆಗಳು ಹೊರಗಿಡುತ್ತವೆ. ಬಾಗಿಲನ್ನು ದೊಡ್ಡವರೇ ಕೈಯಲ್ಲಿ ಹಿಡಿದು ತೆರೆಯಬೇಕು.

ವಾನಕಾದಿಂದ ಕ್ವೀನ್ಸ್‌ಟೌನ್‌ಗೆ ಎರಡು ದಾರಿ. 1,076 ಮೀಟರ್ ಎತ್ತರ ಏರುವ ಕ್ರೌನ್ ರೇಂಜ್ ರಸ್ತೆ ಸುಮಾರು 70 ಕಿ.ಮೀ., ನೋಟ ಅದ್ಭುತ, ಕ್ವೀನ್ಸ್‌ಟೌನ್ ಕಡೆಗೆ ಇಳಿಯುವಾಗ ಹೇರ್‌ಪಿನ್ ತಿರುವುಗಳು ಕಡಿದಾಗಿವೆ. ಕ್ರಾಮ್‌ವೆಲ್ ಊರಿನ ಮೇಲೆ ಹಾದುಹೋಗುವ ದಾರಿ ಇನ್ನೂ ನಲವತ್ತು ಕಿಲೋಮೀಟರ್‌ಗೂ ಹೆಚ್ಚು ಸುತ್ತು, ಆದರೆ ದೊಡ್ಡ ವಾಹನಕ್ಕೂ ವಾಂತಿಯಾಗುವ ಮಕ್ಕಳಿಗೂ ಅದೇ ಲೇಸು.

ಮಿಲ್‌ಫರ್ಡ್ ಸೌಂಡ್ ದಿನ

ಕ್ವೀನ್ಸ್‌ಟೌನ್‌ನಿಂದ ಮಿಲ್‌ಫರ್ಡ್ ಸೌಂಡ್‌ಗೆ ಸುಮಾರು 290 ಕಿ.ಮೀ. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ, ನಡುವೆ ದೋಣಿವಿಹಾರ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಎಂದು ಹೊರಡುವ ಕುಟುಂಬಗಳು ಅನೇಕ, ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಸಂಜೆಯೇ ಟೆ ಆನೌ ತಲುಪಿ ತಂಗಿದರೆ ಬೆಳಿಗ್ಗೆ ಉಳಿಯುವುದು ಸುಮಾರು 120 ಕಿ.ಮೀ. ಮಾತ್ರ. ಟ್ಯಾಂಕನ್ನು ಟೆ ಆನೌನಲ್ಲೇ ಭರ್ತಿ ಮಾಡಿ, ನೀರು, ತಿಂಡಿ, ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ. ನಿಲ್ಲಿಸದೆ ಓಡಿಸಿದರೂ ಎರಡು ಗಂಟೆ ಬೇಕಾಗುವ ಈ ದಾರಿಗೆ ಮೂರೂವರೆ ಗಂಟೆ ಇಟ್ಟುಕೊಂಡರೆ ದೋಣಿಯ ಸಮಯಕ್ಕೆ ಓಡಿಸಿಕೊಂಡು ಹೋಗುವ ಒತ್ತಡ ಇರುವುದಿಲ್ಲ. ಹಿಮಕುಸಿತದ ಅಪಾಯವಿರುವ ಕಡೆ ನಿಲ್ಲಬಾರದೆಂಬ ಫಲಕವಿದ್ದರೆ ಫೋಟೊ ತೆಗೆಯಲೂ ನಿಲ್ಲಿಸಬೇಡಿ. ಚಳಿಗಾಲದಲ್ಲಿ, ಸುಮಾರು ಮೇ ತಿಂಗಳಿಂದ ನವೆಂಬರ್‌ವರೆಗೆ, ಚಕ್ರಕ್ಕೆ ಕಟ್ಟುವ ಹಿಮಸರಪಳಿ ಒಯ್ಯುವುದು ಕಡ್ಡಾಯವಾಗಿರಬಹುದು, ರಸ್ತೆಯನ್ನೇ ಮುಚ್ಚುವುದೂ ಉಂಟು. ಹೊರಡುವ ಮುನ್ನ ಅಲ್ಲಿನ ಸಾರಿಗೆ ಇಲಾಖೆಯಾದ ಎನ್‌ಝಡ್‌ಟಿಎ ಜಾಲತಾಣದಲ್ಲಿ ಅಂದಿನ ಸ್ಥಿತಿ ನೋಡಿ. ಮಂಜುಗಟ್ಟಿದ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲದ ನಾವು ಆ ತಿಂಗಳುಗಳಲ್ಲಿ ಬಸ್ಸಿನಲ್ಲಿ ಹೋಗುವುದು ವಿವೇಕ.

1954ರಲ್ಲಿ ತೆರೆದ ಹೋಮರ್ ಸುರಂಗ ಈ ದಾರಿಯಲ್ಲಿದೆ. ಬಂಡೆಯನ್ನು ಕೊರೆದ ಸುಮಾರು 1.2 ಕಿ.ಮೀ. ಉದ್ದದ ಈ ಸುರಂಗ ಮಿಲ್‌ಫರ್ಡ್ ಕಡೆಗೆ ಹತ್ತಕ್ಕೆ ಒಂದರಂತೆ ಇಳಿಜಾರಾಗಿದೆ. ಹೆಡ್‌ಲೈಟ್ ಹಾಕಿ, ಕಪ್ಪುಕನ್ನಡಕ ತೆಗೆದು, ಕಡಿಮೆ ಗೇರಿನಲ್ಲಿ ಇಳಿಯಬೇಕು. ಜನಸಂದಣಿಯ ಕಾಲದಲ್ಲಿ ಸುರಂಗದ ಬಾಯಲ್ಲಿ ಸಂಚಾರ ದೀಪವಿದ್ದು ಕಾಯಬೇಕಾಗುತ್ತದೆ. ಅಲ್ಲಿ ಕಾಯುವಾಗ ಕಿಯಾ ಎಂಬ ಬೆಟ್ಟದ ಹಸಿರು ಗಿಳಿಯೊಂದು ನಮ್ಮ ಬಾನೆಟ್ಟಿನ ಮೇಲೆ ಇಳಿದು, ನೇರ ಅಮ್ಮನ ಮುಖ ನೋಡಿ, ಬಳಿಕ ಗಾಜಿನ ಅಂಚಿನ ರಬ್ಬರನ್ನು ಕೊಕ್ಕಿನಿಂದ ಎಳೆಯತೊಡಗಿತು. ಅಮ್ಮ ಬಿಸ್ಕತ್ತಿನ ಪೊಟ್ಟಣಕ್ಕೆ ಕೈಹಾಕಿದರು. ಕೊಡಬಾರದು. ಮನುಷ್ಯರ ತಿನಿಸು ಆ ಹಕ್ಕಿಗೆ ಕೆಡುಕು, ವಾಹನಗಳ ಬಳಿ ಸುಳಿದಾಡುವ ರೂಢಿ ಅದರ ಸಾವಿಗೂ ಕಾರಣವಾಗುತ್ತದೆ.

ಏನಾದರೂ ಆದರೆ, ಮತ್ತು ಮರಳಿಸುವಾಗ

ಅಪಘಾತವಾದರೆ 111ಕ್ಕೆ ಕರೆ ಮಾಡಿ, ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೊಂದೇ ಸಂಖ್ಯೆ. ಸಣ್ಣ ತಾಗಾಟವಾದರೂ ಎದುರಿನವರ ಹೆಸರು, ವಿಳಾಸ, ವಾಹನದ ಸಂಖ್ಯೆ ಬರೆದುಕೊಂಡು ಫೋಟೊ ತೆಗೆದು, ಬಾಡಿಗೆ ಸಂಸ್ಥೆಗೆ ಕೂಡಲೇ ತಿಳಿಸಿ. ತಡವಾಗಿ ತಿಳಿಸಿದರೆ ವಿಮೆಯನ್ನು ನಿರಾಕರಿಸುವ ಷರತ್ತು ಕರಾರಿನಲ್ಲಿರುತ್ತದೆ. ಸ್ಥಳದಲ್ಲೇ ಹಣ ಕೊಟ್ಟು ಮುಗಿಸಿಕೊಳ್ಳುವ ಮಾತು ಬೇಡ.

ಮರಳಿಸುವ ದಿನ ವಿಮಾನ ನಿಲ್ದಾಣಕ್ಕೆ ಹತ್ತಿರದ ಬಂಕಿನಲ್ಲಿ ಇಂಧನ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿ ನಾವೇ ತುಂಬಿಸಿಕೊಳ್ಳಬೇಕು, ಆದ್ದರಿಂದ ಪೈಪಿನ ಬಣ್ಣವನ್ನು ನಂಬದೆ ಅದರ ಮೇಲಿನ ಹೆಸರನ್ನೂ ಇಂಧನ ಮುಚ್ಚಳದ ಒಳಗಿನ ಚೀಟಿಯನ್ನೂ ಓದಿ ಹೋಲಿಸಿ. ಬಾಡಿಗೆಯನ್ನು 24 ಗಂಟೆಯ ಲೆಕ್ಕದಲ್ಲಿ ಹಿಡಿಯುವ ಕಡೆ ಒಂದೆರಡು ಗಂಟೆ ತಡವಾದರೂ ಹೆಚ್ಚುವರಿ ದಿನದ ಹಣ ಬೀಳಬಹುದು. ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೋಗಬೇಕಾದರೆ, ಹೊರಡುವ ಮೊದಲು ಪಡೆದಾಗ ಮಾಡಿದಂತೆಯೇ ಮತ್ತೊಮ್ಮೆ ಸುತ್ತಲೂ ವಿಡಿಯೊ ಮಾಡಿ. ಸೀಟಿನ ಕೆಳಗೆ, ಮಕ್ಕಳ ಸೀಟಿನ ಸಂದಿಯಲ್ಲಿ, ಮುಂದಿನ ಖಾನೆಯಲ್ಲಿ ಕೈಹಾಕಿ ನೋಡಿ, ಪಾಸ್‌ಪೋರ್ಟ್‌ಗಳು ಅಲ್ಲೇ ಉಳಿಯುವುದು ಹೆಚ್ಚು. ವೇಗಮಿತಿಯ ಕ್ಯಾಮೆರಾ ದಂಡ ಅಥವಾ ಪಾರ್ಕಿಂಗ್ ದಂಡ ಬಿದ್ದಿದ್ದರೆ ಅದು ಕೆಲವು ವಾರಗಳ ಬಳಿಕ ಸಂಸ್ಥೆಯ ಸೇವಾಶುಲ್ಕದೊಂದಿಗೆ ನಿಮ್ಮ ಕಾರ್ಡಿಗೆ ಬರುತ್ತದೆ. ಆದ್ದರಿಂದ ಊರಿಗೆ ಬಂದ ಮೇಲೂ ಎರಡು ತಿಂಗಳು ಕಾರ್ಡಿನ ಲೆಕ್ಕಪತ್ರವನ್ನು ಗಮನಿಸಿ, ಹಿಡಿದಿಟ್ಟ ಭದ್ರತಾ ಮೊತ್ತ ಬಿಡುಗಡೆಯಾಗಿದೆಯೇ ನೋಡಿ, ಅಲ್ಲಿಯವರೆಗೆ ವಿಡಿಯೊಗಳನ್ನು ಅಳಿಸಬೇಡಿ.